ಸರಬರಾಜು

ಸರಬರಾಜು (ನಾಮಪದ): ಬೇಕಾದ ಸರಕನ್ನು ಬೇಕಾದ ಹೊತ್ತಿಗೆ ಬೇಕಾದ ಕಡೆ ಒದಗಿಸುವುದು; ಪೂರೈಕೆ.

ಪದದ ಬೇರು ಪಾರಸಿಯಲ್ಲಿದೆ. ಅಲ್ಲಿ ‘ಸರ್’ ಎಂದರೆ ತಲೆ, ‘ರಾಹ್’ ಎಂದರೆ ದಾರಿ. ಇವು ಸೇರಿದ ‘ಸರಬರಾಹ್’ ಎಂಬುದಕ್ಕೆ ವ್ಯವಸ್ಥಾಪಕ ಎಂಬ ಅರ್ಥವಿದೆ. ಮರಾಠಿಯ ‘ಸರಬರಾಈ’, ತೆಲುಗಿನ ‘ಸರಫರಾ’ ಇದೇ ಬಳಗದವು. ಒದಗಿಸುವುದರ ಜೊತೆಗೆ ನಿರ್ವಹಿಸುವುದೂ ಪದದ ಮೂಲದಲ್ಲೇ ಇದೆ.

ಕನ್ನಡದಲ್ಲಿ ಸರಬರಾಜುದಾರ, ನೀರು ಸರಬರಾಜು, ನಾಗರಿಕ ಸರಬರಾಜು ಎಂಬ ಪ್ರಯೋಗಗಳು ರೂಢಿಯಲ್ಲಿವೆ. ವಾಣಿಜ್ಯ ಪಠ್ಯಗಳು ಉತ್ಪಾದಕನಿಂದ ಗ್ರಾಹಕನವರೆಗಿನ ಇಡೀ ಸಾಲನ್ನು ‘ಪೂರೈಕೆ ಸರಪಳಿ’ ಎನ್ನುತ್ತವೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಕಡಲೆಕಾಯಿ ವಹಿವಾಟಿನಲ್ಲಿ ಈ ಸರಪಳಿ ಸ್ಪಷ್ಟವಾಗಿ ಕಾಣುತ್ತದೆ. ಮಳೆಯಾಶ್ರಿತ ಬೆಳೆ ಮುಂಗಾರಿನ ಕೊನೆಗೆ ಒಟ್ಟಿಗೇ ಕೈಸೇರುತ್ತದೆ. ಎಣ್ಣೆ ಗಿರಣಿಗಳಿಗೆ ಕಾಯಿ ವರ್ಷವಿಡೀ ಬೇಕು. ಈ ಅಂತರ ತುಂಬುವ ಸಾಧನ ದಾಸ್ತಾನು ಪುಸ್ತಕ. ಚೀಲ ಬಂದ ದಿನ, ತೂಕ, ತೇವಾಂಶ, ಬೀಜದ ಇಳುವರಿ ಅದರಲ್ಲಿ ದಾಖಲಾಗುತ್ತವೆ. ಮೊದಲು ಬಂದ ಚೀಲ ಮೊದಲು ಹೊರಡುತ್ತದೆ. ತೇವ ಉಳಿದ ಕಾಯಿಗೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ವಿಷ ಸೇರುವುದರಿಂದ ಈ ಲೆಕ್ಕ ಆರೋಗ್ಯಕ್ಕೂ ಸಂಬಂಧಿಸಿದ್ದು. 2014ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಏಕೀಕೃತ ಮಾರುಕಟ್ಟೆ ವೇದಿಕೆ ಕಾಯಿ ಮಾರಾಟವಾಗುವ ಎಪಿಎಂಸಿಗಳ (ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗಳ) ಟೆಂಡರನ್ನು ಆನ್‌ಲೈನ್‌ಗೆ ತಂದಿತು.

ಸಣ್ಣ ಗಿರಣಿಯಾಗಲಿ, ರೈತರ ಸಂಘವಾಗಲಿ, ಲೆಕ್ಕ ಸರಿಯಿದ್ದರೆ ಮಾತ್ರ ಹೇಳಿದ ದಿನಕ್ಕೆ ಸರಕು ಕೊಡಬಲ್ಲದು. ಸರಬರಾಜಿನ ನಂಬಿಕೆ ನಿಂತಿರುವುದು ಅದರ ಮೇಲೆಯೇ.