ಎಂಟು ಲೋಟ ನೀರಿನ ಲೆಕ್ಕ ಬರೆದವರು ಯಾರು?

ಬೇಸಿಗೆ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತತೊಡಗುತ್ತದೆ. ದಿನಕ್ಕೆ ಎಂಟು ಲೋಟ ನೀರು ಕುಡಿಯಿರಿ, ಬಾಯಾರಿಕೆ ಆಗುವವರೆಗೆ ಕಾಯಬೇಡಿ, ಎದ್ದ ಕೂಡಲೇ ಒಂದು ಲೀಟರ್ ಕುಡಿದರೆ ರೋಗವೆಲ್ಲ ದೂರ. ಒಬ್ಬರು ಎರಡು ಲೀಟರ್ ಎಂದರೆ ಇನ್ನೊಬ್ಬರು ನಾಲ್ಕು ಎನ್ನುತ್ತಾರೆ. ಈ ಅಂಕಿ ಎಲ್ಲಿಂದ ಬಂತು ಎಂದು ಮಾತ್ರ ಯಾರೂ ಹೇಳುವುದಿಲ್ಲ.

ಈ ಅಂಕಿಗೂ ಒಂದು ಚರಿತ್ರೆ ಇದೆ. ಅದು ಹುಟ್ಟಿದ್ದು ನಮ್ಮ ಹೊಲದಲ್ಲಲ್ಲ, ಯುದ್ಧಕಾಲದ ಅಮೆರಿಕದಲ್ಲಿ. ಅದನ್ನು ತಿಳಿದು ನಮಗೇನಾಗಬೇಕು ಎನ್ನಬೇಡಿ. 'ದಿನಕ್ಕೆ ಎರಡು ಲೀಟರ್' ಎಂಬ ಇದೇ ಅಂಕಿ ನಮ್ಮೂರ ಬೋರ್‌ವೆಲ್ ನೀರು ಕುಡಿಯಲು ಯೋಗ್ಯವೋ ಅಲ್ಲವೋ ಎಂದು ತೀರ್ಮಾನಿಸುವ ಲೆಕ್ಕದೊಳಗೂ ಕೂತಿದೆ. ಆ ಕಥೆಗೆ ಕೊನೆಯಲ್ಲಿ ಬರೋಣ.

ನೀರು ಕುಡಿಯಬೇಡಿ ಎಂದ ಕಾಲ

ನೂರು ವರ್ಷದ ಹಿಂದೆ ಸಲಹೆ ತಿರುವುಮುರುವಾಗಿತ್ತು. ಓಡುವವರು ನೀರು ಕುಡಿದರೆ ದೇಹ ಭಾರವಾಗುತ್ತದೆ, ದಮ್ಮು ಕೆಡುತ್ತದೆ ಎಂದು ನಂಬಿದ್ದರು. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಒಲಿಂಪಿಕ್ಸ್ ನಡೆಯಿತು. ಅಲ್ಲಿನ ಮ್ಯಾರಥಾನ್ ಓಟದ ದಿನ ಬಿಸಿಲು ಸುಮಾರು 32 ಡಿಗ್ರಿ ಸೆಲ್ಸಿಯಸ್. ರಸ್ತೆ ತುಂಬ ಧೂಳು. ಇಡೀ ದಾರಿಯಲ್ಲಿ ನೀರು ಸಿಕ್ಕಿದ್ದು ಒಂದೆರಡು ಕಡೆ ಮಾತ್ರ. ನೀರಿಲ್ಲದೆ ದೇಹ ಎಷ್ಟು ತಡೆಯುತ್ತದೆ ನೋಡೋಣ ಎಂಬ ಕುತೂಹಲ ಸಂಘಟಕರಿಗೇ ಇತ್ತು. ಹೊರಟವರು 32 ಜನ, ಗುರಿ ಮುಟ್ಟಿದವರು 14 ಜನ. ಒಬ್ಬ ಓಟಗಾರ ದಾರಿಯಲ್ಲಿ ಬಿದ್ದು ಸಾವಿನ ಬಾಯಿಗೆ ಹೋಗಿ ಬಂದ.

ಅಂದರೆ ಒಂದು ಕಾಲದಲ್ಲಿ ತಿಳಿದವರೇ 'ಕುಡಿಯಬೇಡಿ' ಎಂದಿದ್ದರು. ನಂತರ ತಿಳಿದವರೇ 'ಕುಡಿಯುತ್ತಲೇ ಇರಿ' ಎಂದರು.

1945ರಲ್ಲಿ ಬಿಟ್ಟುಹೋದ ಮಾತು

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಸಂಶೋಧನಾ ಮಂಡಳಿಯೊಂದು ಜನರಿಗೆ ದಿನಕ್ಕೆ ಏನೇನು ಆಹಾರ ಎಷ್ಟು ಬೇಕು ಎಂಬ ಪಟ್ಟಿ ಮಾಡುತ್ತಿತ್ತು. ಅದರ 1945ರ ಆವೃತ್ತಿಯಲ್ಲಿ ನೀರಿನ ವಿಷಯವೂ ಬಂತು. ದೊಡ್ಡವರಿಗೆ ದಿನಕ್ಕೆ ಸುಮಾರು ಎರಡೂವರೆ ಲೀಟರ್ ನೀರು ಸಾಕು ಎಂದರು. ಲೆಕ್ಕ ಸರಳ: ತಿನ್ನುವ ಒಂದು ಕ್ಯಾಲೊರಿಗೆ ಒಂದು ಮಿಲಿಲೀಟರ್ ನೀರು. ಎರಡೂವರೆ ಸಾವಿರ ಕ್ಯಾಲೊರಿ ತಿಂದರೆ ಎರಡೂವರೆ ಲೀಟರ್.

ಅದರ ಬೆನ್ನಿಗೇ ಇನ್ನೊಂದು ಮಾತೂ ಇತ್ತು. ಈ ನೀರಿನ ಬಹುಪಾಲು ನಾವು ತಿನ್ನುವ ಅಡುಗೆಯಲ್ಲೇ ಇರುತ್ತದೆ ಎಂಬ ಮಾತು. ಮುಂದೆ ಜನ ಅಂಕಿಯನ್ನು ಹಿಡಿದುಕೊಂಡರು, ಆ ಮಾತನ್ನು ಕೈಬಿಟ್ಟರು. ಎಂಟು ಲೋಟದ ನಿಯಮ ಹುಟ್ಟಿದ್ದು ಹೀಗೇ ಇರಬೇಕು ಎಂದು ಹಲವರು ಹೇಳುತ್ತಾರೆ.

ಅಡುಗೆಯಲ್ಲಿ ಎಷ್ಟು ನೀರಿರುತ್ತದೆ? ಬೆಂದ ಅನ್ನದ ತೂಕದಲ್ಲಿ ಹತ್ತಿರ ಹತ್ತಿರ ಮೂರನೇ ಎರಡು ಭಾಗ ನೀರೇ. ಸಾರು, ಮಜ್ಜಿಗೆ, ಅಂಬಲಿಯಲ್ಲಿ ಇನ್ನೂ ಹೆಚ್ಚು. ಸೌತೆಕಾಯಿ, ಕಲ್ಲಂಗಡಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ನೀರು. ಬ್ರೆಡ್ಡು, ಬಿಸ್ಕತ್ತು ತಿನ್ನುವವರಿಗೂ ಮುದ್ದೆ ಸಾರು ಉಣ್ಣುವವರಿಗೂ ಒಂದೇ ಲೋಟದ ಲೆಕ್ಕ ಹೊಂದುವುದಿಲ್ಲ.

1974ರಲ್ಲಿ ಅಮೆರಿಕದ ಪೋಷಣ ತಜ್ಞ ಫ್ರೆಡರಿಕ್ ಸ್ಟೇರ್ ತಮ್ಮ ಜೊತೆಗಾರ್ತಿಯ ಸಂಗಡ ಬರೆದ ಪುಸ್ತಕದಲ್ಲಿ ಆರರಿಂದ ಎಂಟು ಲೋಟ ಎಂಬ ಮಾತು ಬಂತು. ಅಲ್ಲೂ ಕಾಫಿ, ಟೀ, ಹಾಲು ಎಲ್ಲ ಲೆಕ್ಕಕ್ಕೆ ಸೇರಿತ್ತು. ಅದೂ ದಾರಿಯಲ್ಲಿ ಉದುರಿಹೋಯಿತು. ಕೊನೆಗೆ ಉಳಿದದ್ದು 'ಎಂಟು ಲೋಟ, ಬರೀ ನೀರು'.

2002ರಲ್ಲಿ ಹೈಂಜ್ ವಾಲ್ಟಿನ್ ಎಂಬ ವಿಜ್ಞಾನಿ ಈ ನಿಯಮದ ಬುಡ ಹುಡುಕಿಕೊಂಡು ಹೊರಟರು. ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನೇ ಜೀವಮಾನವಿಡೀ ಓದಿದವರು ಅವರು. ಎಲ್ಲ ಬರಹಗಳನ್ನೂ ಜಾಲಾಡಿದರು. ಎಂಟು ಲೋಟಕ್ಕೆ ವೈಜ್ಞಾನಿಕ ಪುರಾವೆ ಸಿಗಲಿಲ್ಲ ಎಂದು ಬರೆದರು.

ಆದರೆ ವಾಲ್ಟಿನ್ ಮಾತಿಗೂ ಒಂದು ಷರತ್ತು ಇತ್ತು. ಆರೋಗ್ಯವಂತರು, ತಂಪು ಹವೆಯಲ್ಲಿರುವವರು, ಹೆಚ್ಚು ಮೈಬಗ್ಗಿಸಿ ದುಡಿಯದವರು, ಇಂಥವರ ಬಗ್ಗೆ ಮಾತ್ರ ಅವರು ಹೇಳಿದ್ದು. ಸುಡು ಬಿಸಿಲಿನಲ್ಲಿ ದುಡಿಯುವವರಿಗೆ, ಮೂತ್ರಪಿಂಡದಲ್ಲಿ ಕಲ್ಲಾಗುವವರಿಗೆ ಹೆಚ್ಚು ನೀರು ಬೇಕು ಎಂದು ಅವರೇ ಒಪ್ಪಿದ್ದರು. 'ಎಂಟು ಲೋಟ ಸುಳ್ಳಂತೆ' ಎಂದು ಸುದ್ದಿ ಹರಡಿದವರು ಈ ಷರತ್ತನ್ನೂ ಬಿಟ್ಟರು.

ದೇಹದೊಳಗಿನ ಲೆಕ್ಕಿಗ

ಹಾಗಾದರೆ ದೇಹಕ್ಕೆ ಲೆಕ್ಕ ಗೊತ್ತಿಲ್ಲವೇ? ಗೊತ್ತಿದೆ. ಇಂಗ್ಲೆಂಡಿನ ವಿಜ್ಞಾನಿ ವರ್ನಿ 1940ರ ದಶಕದಲ್ಲಿ ನಾಯಿಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದರು. ರಕ್ತದಲ್ಲಿ ಉಪ್ಪಿನ ಪ್ರಮಾಣ ಒಂದೆರಡು ಶೇಕಡ ಏರಿದರೂ ಮೆದುಳಿಗೆ ತಿಳಿಯುತ್ತದೆ. ಅದು ಒಂದು ಹಾರ್ಮೋನು ಬಿಟ್ಟು ಮೂತ್ರಪಿಂಡಕ್ಕೆ 'ನೀರು ಉಳಿಸು' ಎಂದು ಹೇಳುತ್ತದೆ. ಮೂತ್ರ ಕಡಿಮೆಯಾಗಿ ಹಳದಿ ಗಾಢವಾಗುತ್ತದೆ. ಜೊತೆಗೆ ಬಾಯಾರಿಕೆ ಶುರುವಾಗುತ್ತದೆ. ನೀರು ಹೆಚ್ಚಾದರೆ ಹಾರ್ಮೋನು ನಿಲ್ಲುತ್ತದೆ, ಮೂತ್ರ ತಿಳಿಯಾಗಿ ಹೊರಗೆ ಹೋಗುತ್ತದೆ.

ವಯಸ್ಸಾದವರಲ್ಲಿ ಬಾಯಾರಿಕೆಯ ಸೂಚನೆ ಮಂದವಾಗುತ್ತದೆ. ಅಜ್ಜ ಅಜ್ಜಿಗೆ ಕೇಳದಿದ್ದರೂ ಆಗಾಗ ನೀರು ಕೊಡಬೇಕು ಎನ್ನುವುದು ಅದಕ್ಕೇ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಮಾತ್ರ ವೈದ್ಯರು ಹೇಳಿದ ಅಳತೆಯೇ ಸರಿ.

ಅತಿಯಾದರೂ ಅಪಾಯವಿದೆ. ಮೂತ್ರಪಿಂಡಗಳು ಗಂಟೆಗೆ ಹೆಚ್ಚೆಂದರೆ ಒಂದು ಲೀಟರ್ ಆಸುಪಾಸು ನೀರು ಹೊರಹಾಕಬಲ್ಲವು. ಅದಕ್ಕಿಂತ ಹೆಚ್ಚು ಸುರಿದರೆ ರಕ್ತದ ಉಪ್ಪು ತೆಳುವಾಗಿ ಮೆದುಳು ಊದಿಕೊಳ್ಳುತ್ತದೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಉಪ್ಪು ಸಹಜ ಮಟ್ಟಕ್ಕಿಂತ ಕೆಳಗೆ ಇಳಿದಿತ್ತು. ಅದೇ ಓಟದಲ್ಲಿ ಒಬ್ಬ ಯುವತಿ ಇದರಿಂದಲೇ ತೀರಿಕೊಂಡಳು. 1904ರಲ್ಲಿ ನೀರಿಲ್ಲದೆ ಬಿದ್ದರು, 2002ರಲ್ಲಿ ನೀರು ಹೆಚ್ಚಾಗಿ ಬಿದ್ದರು.

ದುಡಿಯುವ ಮೈಯ ಲೆಕ್ಕ

2022ರಲ್ಲಿ ದೊಡ್ಡ ಅಧ್ಯಯನವೊಂದು ಬಂತು. 23 ದೇಶಗಳ 5604 ಜನರ ದೇಹದಲ್ಲಿ ದಿನಕ್ಕೆ ಎಷ್ಟು ನೀರು ಬಂದು ಹೋಗುತ್ತದೆ ಎಂದು ಅಳೆದರು. ಎಂಟು ದಿನದ ಕೂಸಿನಿಂದ 96 ವರ್ಷದ ಮುದುಕರವರೆಗೆ ಅದರಲ್ಲಿದ್ದರು. ಒಬ್ಬರಿಂದ ಒಬ್ಬರಿಗೆ ಅಜಗಜಾಂತರ. ಬಿಸಿಲು, ಸೆಕೆ, ಮೈಮುರಿವ ದುಡಿಮೆ, ದೇಹದ ಗಾತ್ರ, ಬಸುರಿತನ, ಎಲ್ಲವೂ ಲೆಕ್ಕ ಬದಲಿಸುತ್ತವೆ. ಎಲ್ಲರಿಗೂ ಒಂದೇ ಅಂಕಿ ಸಲ್ಲದು ಎಂದು ಅವರು ಹೇಳಿದರು.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯೂ ಸಾಮಾನ್ಯರಿಗೆ ಎಂಟು ಲೋಟ, ಅಂದರೆ ಎರಡು ಲೀಟರ್ ಎಂದೇ ಹೇಳಿದೆ. ಆದರೆ ಸುಡುಬೇಸಿಗೆಯಲ್ಲಿ, ಕಷ್ಟದ ಕೆಲಸದಲ್ಲಿ ಇನ್ನೂ ಬೇಕು ಎಂದು ಸೇರಿಸಿದೆ. ಏಪ್ರಿಲ್ ಬಿಸಿಲಲ್ಲಿ ಗುದ್ದಲಿ ಹಿಡಿದವರು ಗಂಟೆಗೆ ಒಂದು ಲೀಟರ್ ಬೆವರುವುದೂ ಉಂಟು. ಅವರಿಗೆ ಎರಡು ಲೀಟರ್ ಮಧ್ಯಾಹ್ನಕ್ಕೂ ಸಾಲದು. ಒಮ್ಮೆಲೇ ಚೊಂಬುಗಟ್ಟಲೆ ಕುಡಿಯುವುದಕ್ಕಿಂತ ಕಾಲು ಗಂಟೆ, ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ಕುಡಿಯುವುದು ಒಳ್ಳೆಯದು.

ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಹೊಲಕ್ಕೆ ಒಯ್ಯುವ ಉಪ್ಪು ಹಾಕಿದ ರಾಗಿ ಅಂಬಲಿ, ನೀರು ಮಜ್ಜಿಗೆ ಎರಡನ್ನೂ ತುಂಬಿಕೊಡುತ್ತವೆ. ವಾಂತಿ ಭೇದಿಯಲ್ಲಿ ಇದು ಜೀವದ ಪ್ರಶ್ನೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಡ್ರಿಪ್ ಬಾಟಲಿಗಳು ಮುಗಿದಾಗ ಡಾ. ದಿಲೀಪ್ ಮಹಾಲನಾಬಿಸ್ ನೀರಿಗೆ ಗ್ಲೂಕೋಸ್, ಉಪ್ಪು, ಸೋಡಾ ಬೆರೆಸಿ ಕುಡಿಸಿದರು. ಸಾವು ನೂರಕ್ಕೆ 30ರಿಂದ ನಾಲ್ಕರ ಒಳಗೆ ಇಳಿಯಿತು. ಇವತ್ತಿನ ಓಆರ್‌ಎಸ್ ಪೊಟ್ಟಣಕ್ಕೆ ಜಗತ್ತಿನಾದ್ಯಂತ ನಂಬಿಕೆ ಬಂದದ್ದರಲ್ಲಿ ಈ ಕೆಲಸದ ಪಾಲು ದೊಡ್ಡದು.

ಇನ್ನೊಂದು ಲೆಕ್ಕ ಯಾವ ಪುಸ್ತಕದ ಕೋಷ್ಟಕದಲ್ಲೂ ಇಲ್ಲ. ಕೆಲಸದ ಜಾಗದಲ್ಲಿ ಶೌಚಾಲಯ ಇಲ್ಲದ್ದರಿಂದ ಕೂಲಿಗೆ ಹೋಗುವ ಹೆಂಗಸರು, ಶಾಲೆಯ ಹುಡುಗಿಯರು ಬೇಕೆಂದೇ ನೀರು ಕಡಿಮೆ ಕುಡಿಯುತ್ತಾರೆ. ಉರಿಮೂತ್ರ, ಸೋಂಕು ಅಲ್ಲಿಂದಲೇ ಬರುತ್ತದೆ. ಅವರಿಗೆ 'ಎಂಟು ಲೋಟ ಕುಡಿಯಿರಿ' ಎಂದು ಹೇಳುವ ಮುಂಚೆ ಬಾಗಿಲಿರುವ, ನೀರಿರುವ ಒಂದು ಶೌಚಾಲಯ ಬೇಕು.

ಅಂಕಿ ಬೋರ್‌ವೆಲ್‌ಗೆ ಇಳಿದಾಗ

ಈಗ ಕೊನೆಯ ಕಥೆ. 1937ರಲ್ಲಿ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ಒಂದು ವರದಿ ಬಂತು. ಅಲ್ಲಿನ ಜನರ ಹಲ್ಲು ಕಂದುಗಟ್ಟಿತ್ತು, ಬೆನ್ನು ಮರಗಟ್ಟಿತ್ತು. ಕಾರಣ ಬಾವಿ ನೀರಿನ ಫ್ಲೋರೈಡ್. ಭಾರತದಲ್ಲಿ ಫ್ಲೋರೋಸಿಸ್ ಕಾಯಿಲೆಯ ಚರಿತ್ರೆ ಅಲ್ಲಿಂದ ಶುರು. ಇವತ್ತು ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಚಿತ್ರದುರ್ಗ, ಗದಗ, ಕೊಪ್ಪಳ, ರಾಯಚೂರು ಕಡೆಯ ಎಷ್ಟೋ ಹಳ್ಳಿಗಳಿಗೆ ಈ ಕಾಯಿಲೆ ಹೊಸದಲ್ಲ.

ನೀರಿನಲ್ಲಿ ಫ್ಲೋರೈಡ್ ಎಷ್ಟಿದ್ದರೆ ಸರಿ? ವಿಶ್ವ ಆರೋಗ್ಯ ಸಂಸ್ಥೆ ಲೀಟರಿಗೆ 1.5 ಮಿಲಿಗ್ರಾಂ ಎನ್ನುತ್ತದೆ. ನೀರಿನ ಮಿತಿಗಳನ್ನು ಹಾಕುವಾಗ ಅದು ಸಾಮಾನ್ಯವಾಗಿ ಹಿಡಿಯುವುದು 60 ಕಿಲೋ ತೂಕದ ಒಬ್ಬ ಮನುಷ್ಯ ದಿನಕ್ಕೆ ಎರಡು ಲೀಟರ್ ಕುಡಿಯುತ್ತಾನೆ ಎಂಬ ಲೆಕ್ಕ. ನಮ್ಮ ದೇಶದ ಮಾನದಂಡದಲ್ಲಿ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂದಿದೆ.

ಈಗ ಗುಣಿಸಿ ನೋಡಿ. 1.5 ಮಿಲಿಗ್ರಾಂ ಇರುವ ನೀರನ್ನು ಎರಡು ಲೀಟರ್ ಕುಡಿದವರ ಹೊಟ್ಟೆಗೆ 3 ಮಿಲಿಗ್ರಾಂ ಹೋಗುತ್ತದೆ. ಅದೇ ನೀರನ್ನು ಬಿಸಿಲಲ್ಲಿ ದುಡಿದು ಐದು ಲೀಟರ್ ಕುಡಿದವರಿಗೆ 7.5 ಮಿಲಿಗ್ರಾಂ. ದಿನಕ್ಕೆ 6 ಮಿಲಿಗ್ರಾಂ ದಾಟಿದರೆ ಮೂಳೆಗೆ ಅಪಾಯದ ಸೂಚನೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಅಂದರೆ ಕಾಗದದ ಮೇಲೆ ಪಾಸಾದ ನೀರು ಕೂಲಿಯವರ ಮೈಯಲ್ಲಿ ಫೇಲಾಗಬಹುದು. ಅಡುಗೆಗೆ, ಟೀಗೆ ಹಾಕಿದ ನೀರು ಇದಕ್ಕೆ ಇನ್ನೂ ಸೇರಬೇಕು.

ಇದು ಹೊಸ ಸಂಗತಿಯೇನಲ್ಲ. 1950ರ ದಶಕದಲ್ಲೇ ಅಮೆರಿಕದ ಗಲಗನ್ ಎಂಬುವರು ಅರಿಜೋನಾದ ಬಿಸಿಲಿನಲ್ಲಿ ಬೆಳೆದ ಮಕ್ಕಳ ಹಲ್ಲು ನೋಡಿ, ಬಿಸಿ ಪ್ರದೇಶದಲ್ಲಿ ಜನ ಹೆಚ್ಚು ನೀರು ಕುಡಿಯುವುದರಿಂದ ಅಲ್ಲಿ ಫ್ಲೋರೈಡ್ ಮಿತಿ ಕಡಿಮೆ ಇರಬೇಕು ಎಂದರು. 1962ರಲ್ಲಿ ಅಮೆರಿಕ ತನ್ನ ಊರುಗಳ ಉಷ್ಣಾಂಶಕ್ಕೆ ತಕ್ಕಂತೆ ಅಳತೆ ನಿಗದಿ ಮಾಡಿತು. ಸ್ಥಳೀಯರು ಎಷ್ಟು ನೀರು ಕುಡಿಯುತ್ತಾರೆ ನೋಡಿಯೇ ಮಿತಿ ಹಾಕಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ದೇಶಗಳಿಗೆ ಹೇಳುತ್ತದೆ.

ಇದನ್ನು ಓದಿ ಯಾರೂ ನೀರು ಕಡಿಮೆ ಮಾಡಬೇಡಿ. ಬದಲಾಗಬೇಕಾದ್ದು ನೀರಿನ ಮೂಲ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಮಳೆನೀರು ಹಿಡಿದಿಡುವುದು, ನದಿ ಅಥವಾ ಕೆರೆ ಮೂಲದ ನೀರು, ಸರಿಯಾಗಿ ನಡೆಯುವ ಶುದ್ಧ ನೀರಿನ ಘಟಕ, ಇವು ದಾರಿ. ಘಟಕದ ನೀರು ತರುವವರು ಕುಡಿಯಲು ಮಾತ್ರವಲ್ಲ, ಅಡುಗೆಗೂ ಅದನ್ನೇ ಬಳಸಬೇಕು.

ಜಲ ಜೀವನ್ ಮಿಷನ್ ನಿಯಮದ ಪ್ರಕಾರ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ಕಿಟ್ ಬಳಸಲು ಕಲಿಸಬೇಕು. ನಿಮ್ಮೂರಲ್ಲಿ ಆ ಐವರು ಯಾರು? ಕಿಟ್ ಎಲ್ಲಿದೆ? ಕೊನೆಯ ಪರೀಕ್ಷೆ ಯಾವಾಗ ಆಯಿತು, ಫ್ಲೋರೈಡ್ ಎಷ್ಟು ಬಂತು? ಮುಂದಿನ ಗ್ರಾಮಸಭೆಯಲ್ಲಿ ಈ ನಾಲ್ಕು ಪ್ರಶ್ನೆ ಕೇಳಿ. ಉತ್ತರವಾಗಿ ಬರೀ 'ಮಿತಿಯೊಳಗಿದೆ' ಎಂದರೆ ಐದನೆಯದನ್ನೂ ಕೇಳಿ: ದಿನಕ್ಕೆ ಎಷ್ಟು ಲೀಟರ್ ಕುಡಿಯುವವರ ಮಿತಿ?