ಹೊನ್ನಾವರದ 13 ಮದ್ರಸಗಳು

ಕ್ರಿ.ಶ. 1342ರ ಸುಮಾರಿಗೆ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ನಮ್ಮ ಕರಾವಳಿಗೆ ಬಂದರು. ಅದಾಗಲೇ ಎಷ್ಟೋ ದೇಶ ಸುತ್ತಿದ್ದ ಅವರು, ಬೇರೆಲ್ಲೂ ಕಾಣದ ಒಂದು ಸಂಗತಿಯನ್ನು ಹೊನ್ನಾವರದಲ್ಲಿ ಕಂಡೆನೆಂದು ಬರೆಯುತ್ತಾರೆ. ಊರಿನಲ್ಲಿ ಹುಡುಗರಿಗೆ 23 ಮದ್ರಸಗಳಿದ್ದರೆ ಹುಡುಗಿಯರಿಗೇ 13 ಇದ್ದವು. ಇಲ್ಲಿನ ಮಹಿಳೆಯರೆಲ್ಲರಿಗೂ ಕುರ್‌ಆನ್ ಕಂಠಪಾಠವಾಗಿತ್ತು ಎಂದೂ ಅವರು ಹೇಳುತ್ತಾರೆ.

ಆ ಹುಡುಗಿಯರೆಲ್ಲ ಅಸಾಧಾರಣ ಬುದ್ಧಿವಂತರಾಗಿದ್ದರೇ? ಹಾಗೇನೂ ಇರಲಾರದು. ತಾಯಿ ಓದಿದ್ದಳು, ನೆರೆಮನೆಯ ಗೆಳತಿ ಓದುತ್ತಿದ್ದಳು, ಇವಳೂ ಮುಸ್‌ಹಫ್ ಹಿಡಿದು ಹೊರಟಳು. ಊರಿನ ರೂಢಿಯೇ ಒಳ್ಳೆಯದಾಗಿದ್ದರೆ ಒಳ್ಳೆಯವರಾಗುವುದು ಸುಲಭ.

ಇದು ಪ್ರವಾಸಿಯ ಮೇಲೂ ಪರಿಣಾಮ ಬೀರಿತು. ಇಲ್ಲಿನ ಸುಲ್ತಾನ್ ಜಮಾಲುದ್ದೀನ್ ಬೆಳಗಿನ ಜಾವಕ್ಕೆ ಮುಂಚೆಯೇ ಮಸೀದಿಗೆ ಬಂದು ಕುರ್‌ಆನ್ ಓದುತ್ತಿದ್ದರು, ಜಮಾಅತ್ ನಮಾಝ್ ತಪ್ಪಿಸುತ್ತಿರಲಿಲ್ಲ. ಮತ್ತೊಮ್ಮೆ ಬಂದು ಅವರ ಬಳಿ ತಂಗಿದ ಇಬ್ನ್ ಬತೂತ ದಿನಕ್ಕೊಂದು ಖತಂ, ಆಮೇಲೆ ದಿನಕ್ಕೆರಡು ಖತಂ ಓದತೊಡಗಿದರು. ರೊಟ್ಟಿ ಉಣ್ಣುವ ನಾಡಿನವರು ಇಲ್ಲಿ ಹನ್ನೊಂದು ತಿಂಗಳು ಅನ್ನ ಉಂಡು ಕಳೆದರು!

ಆ ಸಮುದಾಯ ನೆರೆಹೊರೆಯಿಂದ ಬೇರೆಯಾಗಿಯೂ ಇರಲಿಲ್ಲ. ಸುಲ್ತಾನರು ವಿಜಯನಗರದ ಹರಿಹರನಿಗೆ ಅಧೀನರಾಗಿದ್ದರು. ಮಹಿಳೆಯರು ಕರಾವಳಿಯ ಇತರರಂತೆಯೇ ಹೊಲಿಯದ ವಸ್ತ್ರ ಉಟ್ಟು, ಸೆರಗನ್ನು ತಲೆಯ ಮೇಲೆ ಹೊದೆಯುತ್ತಿದ್ದರು, ಮೂಗಿಗೆ ಚಿನ್ನದ ನತ್ತು ಧರಿಸುತ್ತಿದ್ದರು. ಇಂದಿನ ನವಾಯತಿ ಭಾಷೆಯನ್ನೇ ನೋಡಿ: ಬೇರು ಕೊಂಕಣಿಯದು, ಲಿಪಿ ಅರಬಿ ಮೂಲದ್ದು, ಪದಗಳಲ್ಲಿ ಅರಬಿ, ಪಾರಸಿ ಎರಡೂ ಇವೆ. ದೀನ್ ಗಟ್ಟಿಯಾಗಿದ್ದರೆ ನೆಲದ ಭಾಷೆ, ಉಡುಗೆಗೆ ಅಂಜಬೇಕಿಲ್ಲ.

ಒಬ್ಬನ ಒಳ್ಳೆಯ ಮನಸ್ಸಷ್ಟೇ ಸಾಲದೆಂದು ನಮ್ಮ ಹಿರಿಯರು ಬಲ್ಲವರಾಗಿದ್ದರು. ಆದ್ದರಿಂದಲೇ ಭಟ್ಕಳದಲ್ಲಿ 1912ರಲ್ಲಿ ಮಜ್ಲಿಸೆ ಇಸ್ಲಾಹ್ ವ ತಂಝೀಮ್, 1919ರಲ್ಲಿ ಅಂಜುಮನ್, 1962ರಲ್ಲಿ ಜಾಮಿಆ ಇಸ್ಲಾಮಿಯ ಕಟ್ಟಿದರು.

ಆದರೆ ಸಹೋದರರೇ, ರೂಢಿಗೆ ಎರಡು ಮುಖಗಳಿವೆ. ಮದ್ರಸಕ್ಕೆ ಕರೆದೊಯ್ಯುವುದೂ ರೂಢಿ, 'ಜನ ಏನೆನ್ನುತ್ತಾರೋ' ಎಂದು ಹೆದರಿಸಿ, ಸಾಲ ಮಾಡಿ ಮಗಳ ಮದುವೆ ಮಾಡಿಸುವುದೂ ರೂಢಿಯೇ. ಸುಗಂಧ ಮಾರುವವನ ಬಳಿ ಕುಳಿತರೆ ಪರಿಮಳ ಸಿಗುತ್ತದೆ, ಕಮ್ಮಾರನ ತಿದಿಯ ಬಳಿ ಕುಳಿತರೆ ಬಟ್ಟೆ ಸುಡುತ್ತದೆ ಎಂಬ ಅರ್ಥದಲ್ಲಿ ಪ್ರವಾದಿ(ಸ) ಎಚ್ಚರಿಸಿದ್ದಾರೆ. 'ನಮ್ಮ ಹಿರಿಯರು ಹೀಗೆಯೇ ಮಾಡುತ್ತಿದ್ದರು' ಎಂಬ ನೆಪವನ್ನು ಕುರ್‌ಆನ್ ಒಪ್ಪುವುದಿಲ್ಲ. ಹಿಸಾಬಿನ ದಿನ ಜಮಾಅತ್ ಜೊತೆಗೆ ಬಂದು ಉತ್ತರ ಕೊಡುವುದಿಲ್ಲ, ಒಬ್ಬೊಬ್ಬರೇ ನಿಲ್ಲಬೇಕು.

ಕುಮಟಾ, ಹೊನ್ನಾವರ, ಭಟ್ಕಳದ ನಮ್ಮ ಮೊಹಲ್ಲಾಗಳಿಗೆ ನಾಳೆ ಒಬ್ಬ ಪ್ರವಾಸಿ ಬಂದರೆ ಏನನ್ನು ಬರೆದುಕೊಂಡಾನು? ಮದುವೆ ಮಂಟಪಗಳ ಲೆಕ್ಕವನ್ನೋ, ಓದುವ ಹೆಣ್ಣುಮಕ್ಕಳ ಲೆಕ್ಕವನ್ನೋ? ಒಂದು ಮನೆ ಸರಳವಾಗಿ ನಿಕಾಹ್ ಮಾಡಿದರೆ ಮುಂದಿನ ಮನೆಗೆ ಧೈರ್ಯ ಬರುತ್ತದೆ. ಹೊಸ ರೂಢಿ ಹುಟ್ಟುವುದು ಹಾಗೆಯೇ.

ಅಲ್ಲಾಹನು ನಮ್ಮನ್ನು ಒಳಿತಿನ ರೂಢಿ ಹಾಕುವವರನ್ನಾಗಿ ಮಾಡಲಿ. ಆಮೀನ್.