ಬಿಲ್ಲೆ, ಪಟ್ಟಿ, ಲಾಂಛನ: ಸಮವಸ್ತ್ರದ ಗುರುತುಗಳು ನಡೆದು ಬಂದ ದಾರಿ

ಶಸ್ತ್ರವನ್ನು ಧರಿಸುವ ಮತ್ತು ಮನುಷ್ಯನನ್ನು ಹಿಡಿದು ನಿಲ್ಲಿಸುವ ಅಧಿಕಾರವನ್ನು ಸಮಾಜವು ಕೆಲವರ ಕೈಗೆ ಒಪ್ಪಿಸಿದ ಕೂಡಲೆ, ಆ ಅಧಿಕಾರವು ಯಾರಿಂದ ಬಂದದ್ದು, ಎಲ್ಲಿಯವರೆಗೆ ಸಲ್ಲತಕ್ಕದ್ದು, ಅದು ಮೇರೆ ಮೀರಿದರೆ ಯಾರನ್ನು ಕೇಳತಕ್ಕದ್ದು ಎಂಬ ಪ್ರಶ್ನೆಗಳೂ ಒಡನೆಯೇ ಹುಟ್ಟುತ್ತವೆ. ಈ ಪ್ರಶ್ನೆಗಳಿಗೆ ಬಟ್ಟೆಯ ಮೇಲೆ, ಲೋಹದಲ್ಲಿ, ಬಣ್ಣದಲ್ಲಿ ಬರೆದಿಟ್ಟ ಉತ್ತರವೇ ಸಮವಸ್ತ್ರದ ಗುರುತು. ಮೊದಮೊದಲು ಅದು ಧರಿಸಿದವನು ಯಾರ ಆಳು ಎಂಬುದನ್ನು ಮಾತ್ರ ಹೇಳಿತು. ಅನಂತರ ಅವನ ಪದವಿ ಯಾವುದೆಂಬುದನ್ನು ಹೇಳಲು ಕಲಿತಿತು. ಕಟ್ಟಕಡೆಗೆ, ಬಹು ತಡವಾಗಿ, ಅವನು ಯಾರಿಗೆ ಉತ್ತರ ಕೊಡಬೇಕಾದವನು ಎಂಬುದನ್ನೂ ಹೇಳತೊಡಗಿತು. ಈ ಮೂರು ಮಜಲುಗಳಿಗೂ ಚಿತ್ರದುರ್ಗದ ಸೀಮೆ, ಅದರಲ್ಲಿಯೂ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ನೆಲ, ಒಂದಲ್ಲ ಒಂದು ಬಗೆಯಿಂದ ಸಂಬಂಧಪಟ್ಟಿರುವುದರಿಂದ, ಇಲ್ಲಿಂದಲೇ ಈ ಇತಿಹಾಸವನ್ನು ಅವಲೋಕಿಸುವುದು ಉಚಿತವೆಂದು ತೋರುತ್ತದೆ.

ಪ್ರಾಚೀನ ಕರ್ನಾಟಕದಲ್ಲಿ ವೀರನ ಗುರುತು ಎದೆಯ ಮೇಲಾಗಲಿ ಭುಜದ ಮೇಲಾಗಲಿ ಇರದೆ ಕಾಲಿನಲ್ಲಿ ಇದ್ದಿತು. ಗಂಡಪೆಂಡಾರವೆಂಬ ಆ ಕಡಗವು ಒಡೆಯನು ಕೊಟ್ಟ ಗೌರವವೂ ಹೌದು, ಒಡೆಯನಿಗೆ ಒತ್ತೆಯಿಟ್ಟ ಪ್ರಾಣದ ಸಾಕ್ಷಿಯೂ ಹೌದು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಗರುಡಸ್ತಂಭವು, ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಕುವರ ಲಕ್ಷ್ಮನು ಅಂಥ ಕಡಗವನ್ನು ಎಡಗಾಲಿಗೆ ತೊಟ್ಟು, ಅರಸನೊಡನೆಯೇ ತನ್ನ ಬಾಳನ್ನೂ ಮುಗಿಸಿದ ವೃತ್ತಾಂತವನ್ನು ಇಂದಿಗೂ ಸಾರುತ್ತಿದೆ. ಇದು ವ್ಯಕ್ತಿಗೂ ವ್ಯಕ್ತಿಗೂ ನಡುವಣ ಬಂಧನವಾಗಿದ್ದರೆ, ರಾಜ್ಯದ ಲಾಂಛನವು ಅದಕ್ಕಿಂತ ವಿಶಾಲವಾದ ಅರ್ಥವನ್ನು ಪಡೆದಿತ್ತು. ಬಳ್ಳಿಗಾವೆಯಲ್ಲಿ 1047ರಲ್ಲಿ ನಿಂತ ಸ್ತಂಭದ ತುದಿಯ ಗಂಡಭೇರುಂಡವು, ವಿಜಯನಗರದ ಅಚ್ಯುತದೇವರಾಯನ ನಾಣ್ಯಗಳಲ್ಲಿ ಕಾಣಿಸಿಕೊಂಡು, ಮೈಸೂರು ಅರಸರ ರಾಜಚಿಹ್ನೆಯಾಗಿ, ಇಂದು ಕರ್ನಾಟಕ ಸರ್ಕಾರದ ಮುದ್ರೆಯಲ್ಲಿ ನೆಲಸಿರುವುದನ್ನು ನೋಡಿದರೆ, ರಾಜವಂಶಗಳು ಅಳಿದರೂ ಚಿಹ್ನೆಯು ಕೈಯಿಂದ ಕೈಗೆ ದಾಟಿ ಉಳಿಯಬಲ್ಲದೆಂಬುದು ಮನದಟ್ಟಾಗುತ್ತದೆ.

ಚಿತ್ರದುರ್ಗದ ನಾಯಕರ ಆಳ್ವಿಕೆಯಲ್ಲಿ ಈ ಸೀಮೆಯ ಬೇಡರ ಪಡೆಯೇ ಸಂಸ್ಥಾನದ ಬೆನ್ನೆಲುಬಾಗಿದ್ದಿತು. ಕುಲ, ಬೆಡಗು, ಹಟ್ಟಿ, ದೇವರು ಇವುಗಳಿಂದಲೇ ಒಬ್ಬರನ್ನೊಬ್ಬರು ಬಲ್ಲ ಜನಕ್ಕೆ ಸಮವಸ್ತ್ರದ ಅಗತ್ಯವು ಅಷ್ಟಾಗಿ ಇರಲಾರದು. 1779ರಲ್ಲಿ ಹೈದರಾಲಿಯು ದುರ್ಗವನ್ನು ಗೆದ್ದು, ಕಡೆಯ ಮದಕರಿನಾಯಕನನ್ನು ಸೆರೆಹಿಡಿದು, ಸುಮಾರು 20,000 ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಅವರಲ್ಲಿ ಬಾಲಕರನ್ನು ಆಯ್ದು ಚೇಲಾ ಎಂಬ ಸೈನಿಕ ದಳಗಳಲ್ಲಿ ಪಳಗಿಸಿದನೆಂದು ಇತಿಹಾಸಕಾರರು ಬರೆದಿದ್ದಾರೆ. ಊರು ಮತ್ತು ಕುಲಗಳ ಗುರುತನ್ನು ಕಳಚಿ, ಅದರ ಸ್ಥಾನದಲ್ಲಿ ದಳದ ಗುರುತನ್ನು ತೊಡಿಸುವ ಕಾರ್ಯವು ಈ ನೆಲದ ಮಕ್ಕಳ ಮೇಲೆ ಎಷ್ಟು ನಿಷ್ಠುರವಾಗಿ ನಡೆಯಿತೆಂಬುದನ್ನು ಮರೆಯಲಾಗದು. ಟಿಪ್ಪುವಿನ ಕಾಲಕ್ಕೆ ಬಂದರೆ, ನೇರಳೆ ಬಣ್ಣದ ಹತ್ತಿಯ ಅಂಗಿಯ ಮೇಲೆ ಹುಲಿಯ ಪಟ್ಟೆಗಳನ್ನು ಮೂಡಿಸಿದ ಉಡುಪು ಅವನ ಕಾಲಾಳುಗಳ ಮೈಮೇಲೆ ಕಾಣಿಸುತ್ತದೆ. ಸಾವಿರಾರು ಜನರನ್ನು ಒಂದೇ ಚಿಹ್ನೆಯಡಿ ತಂದ ಆ ಉಡುಪು ಕನ್ನಡನಾಡಿನ ಸಮವಸ್ತ್ರದ ಚರಿತ್ರೆಯಲ್ಲಿ ಒಂದು ಮೈಲಿಗಲ್ಲು. ಆದರೆ ಅದು ಹೇಳುತ್ತಿದ್ದುದೂ ಧರಿಸಿದವನು ಸುಲ್ತಾನನ ಆಳೆಂಬುದನ್ನೇ.

ಆ ಕಾಲದವರೆಗೆ ಸೈನ್ಯಕ್ಕೂ ಪೊಲೀಸಿಗೂ ನಮ್ಮಲ್ಲಿ ಸ್ಪಷ್ಟವಾದ ಭೇದವಿರಲಿಲ್ಲ. ಮೈಸೂರು ಸಂಸ್ಥಾನದ ಕಂದಾಚಾರದವರು ಯುದ್ಧಕಾಲದಲ್ಲಿ ಸೈನಿಕರಾಗಿಯೂ ಶಾಂತಿಕಾಲದಲ್ಲಿ ಕಾವಲುಗಾರರಾಗಿಯೂ ದುಡಿಯುತ್ತಿದ್ದರು. ಹಳ್ಳಿಯಲ್ಲಿ ತಳವಾರ ಮತ್ತು ತೋಟಿ ತಮ್ಮ ತಮ್ಮ ಮಿರಾಸಿನ ಕರ್ತವ್ಯವನ್ನು ನಡೆಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಆಡಳಿತವು ಈ ಹಳೆಯ ವ್ಯವಸ್ಥೆಯನ್ನು ಕ್ರಮಕ್ರಮವಾಗಿ ಬಿಚ್ಚಿ, ಸೇನೆಯನ್ನೂ ಪೊಲೀಸನ್ನೂ ಬೇರೆ ಬೇರೆಯಾಗಿ ಕಟ್ಟಿತು. ಕಚೇರಿಯ ಜವಾನನ ಡವಾಲಿಯ ಮೇಲೆ ಹಿತ್ತಾಳೆಯ ಬಿಲ್ಲೆಯೂ, ಪೇದೆಯ ಸೊಂಟಪಟ್ಟಿಯ ಮೇಲೆ ಸಂಖ್ಯೆಯ ಬಿಲ್ಲೆಯೂ ಬಂದವು. ಆ ಸಂಖ್ಯೆಯ ಮಹತ್ತ್ವವು ಸಾಮಾನ್ಯವಲ್ಲ: ಹೆಸರು ತಿಳಿಯದ ಪೇದೆಯನ್ನೂ ಸಂಖ್ಯೆಯಿಂದ ಗುರುತಿಸಿ ದೂರು ಹೇಳುವ ಮಾರ್ಗವೊಂದು ಪ್ರಜೆಗೆ ಅಲ್ಲಿಂದಲೇ ತೆರೆಯಿತು.

ಬಣ್ಣದ ವಿಚಾರದಲ್ಲಿಯೂ ಕನ್ನಡನಾಡಿಗೆ ಹೇಳಿಕೊಳ್ಳಲು ಸಂಗತಿಗಳಿವೆ. ಖಾಕಿಯ ಮೂಲವನ್ನು ಪೇಶಾವರದಲ್ಲಿ 1840ರ ದಶಕದಲ್ಲಿ ಲಂಸ್ಡೆನ್ ಎಂಬ ಬ್ರಿಟಿಷ್ ಅಧಿಕಾರಿಯು ಕಟ್ಟಿದ ಗೈಡ್ಸ್ ಪಡೆಯಲ್ಲಿ ಕಾಣುವುದು ರೂಢಿ. ಆದರೆ ಮಂಗಳೂರಿನ ಬಾಸೆಲ್ ಮಿಷನ್ನಿನ ನೇಯ್ಗೆಯ ಕಾರ್ಖಾನೆಗೆ 1851ರ ಸುಮಾರಿನಲ್ಲಿ ಬಂದ ಹಾಲ್ಲರ್ ಎಂಬವನು ಮಾಸದ ಖಾಕಿ ಬಣ್ಣವನ್ನು ಸಿದ್ಧಪಡಿಸಿದನೆಂದೂ, ಕೆನರಾ ಜಿಲ್ಲೆಯ ಪೊಲೀಸರು ಅದನ್ನು ಉಟ್ಟರೆಂದೂ ಕರಾವಳಿಯಲ್ಲಿ ಬಲವಾದ ಪ್ರತೀತಿಯುಂಟು. ಮುಂದೆ ಬೆಂಗಳೂರಿನ ಬಿನ್ನಿ ಗಿರಣಿಯ ಖಾಕಿ ಬಟ್ಟೆಯು ಸೈನಿಕರಿಗೂ ಪೊಲೀಸರಿಗೂ ಉಡುಪಾಗಿ ಹೆಸರು ಗಳಿಸಿತು.

ಸಂಸ್ಥಾನದ ಸೇನೆಯ ಕೀರ್ತಿಯು ತನ್ನ ಶಿಖರವನ್ನು ಮುಟ್ಟಿದ್ದು ಪರದೇಶದಲ್ಲಿ. 1892ರಲ್ಲಿ ರೂಪುಗೊಂಡ ಮೈಸೂರು ಲ್ಯಾನ್ಸರ್ಸ್ ಅಶ್ವದಳವು, 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡಗೂಡಿ ಹೈಫಾ ಪಟ್ಟಣವನ್ನು ಗೆದ್ದುಕೊಟ್ಟಿತು. ದಿಲ್ಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ನಿಂತಿರುವ ಮೂವರು ಯೋಧರು ಜೋಧಪುರ, ಹೈದರಾಬಾದು ಮತ್ತು ಮೈಸೂರಿನ ಅಶ್ವದಳಗಳನ್ನು ಪ್ರತಿನಿಧಿಸುತ್ತಾರೆ. ಸ್ವಾತಂತ್ರ್ಯಾನಂತರ ಸಂಸ್ಥಾನಗಳ ಅಶ್ವದಳಗಳು 61ನೆಯ ಕ್ಯಾವಲ್ರಿಯಲ್ಲಿ ಲೀನವಾದಾಗ, ಗಂಡಭೇರುಂಡವೆಂಬ ಎರಡು ತಲೆಯ ಪಕ್ಷಿಯೂ ಅದರ ಲಾಂಛನದೊಳಕ್ಕೆ ಬಂದಿತು.

ಇನ್ನು ಮಿಲಿಟರಿ ಪೊಲೀಸರ ಚಿಹ್ನೆಗಳನ್ನು ಪ್ರತ್ಯೇಕವಾಗಿಯೇ ವಿವೇಚಿಸಬೇಕು. ಏಕೆಂದರೆ ಸಮವಸ್ತ್ರಧಾರಿಗಳ ನಡುವೆಯೇ ಸಮವಸ್ತ್ರಧಾರಿಗಳ ಮೇಲೆ ಅಧಿಕಾರ ನಡೆಸತಕ್ಕವನಿಗೆ ಗುರುತೇ ಮೊದಲ ಆಯುಧ. ಇಂಗ್ಲೆಂಡಿನಲ್ಲಿ 1877ರಲ್ಲಿ ಅಶ್ವಾರೋಹಿ ದಳವೂ 1885ರಲ್ಲಿ ಪದಾತಿ ದಳವೂ ಸ್ಥಾಯಿಯಾಗಿ ಏರ್ಪಟ್ಟು, 1926ರಲ್ಲಿ ಎರಡೂ ಒಂದಾದವು. ಅವರ ಕೆಂಪು ಟೋಪಿಯೇ ಅವರಿಗೆ ಅಡ್ಡಹೆಸರಾಯಿತು. ಭಾರತದಲ್ಲಿ 1939ರ ಜುಲೈಯಲ್ಲಿ, 7ನೆಯ ಕ್ಯಾವಲ್ರಿ ಮತ್ತು 11ನೆಯ ಸಿಖ್ ರೆಜಿಮೆಂಟುಗಳಿಂದ ಆಯ್ದವರನ್ನು ಕೂಡಿಸಿ ಪ್ರವೋಸ್ಟ್, ಎಂದರೆ ಮಿಲಿಟರಿ ಪೊಲೀಸ್, ಘಟಕವನ್ನು ಕಟ್ಟಲಾಯಿತು; 1947ರ ಅಕ್ಟೋಬರಿನಲ್ಲಿ ಅದಕ್ಕೆ ಈಗಿನ ಕೋರ್ ಆಫ್ ಮಿಲಿಟರಿ ಪೊಲೀಸ್ ಎಂಬ ಹೆಸರು ಬಂದಿತು. ಅದರ ತರಬೇತಿ ಕೇಂದ್ರವು ನಮ್ಮ ಬೆಂಗಳೂರಿನಲ್ಲಿಯೇ ಇದೆ. ಕೆಂಪು ಬೆರೆಟ್ ಟೋಪಿ, ಬಿಳಿಯ ಸೊಂಟಪಟ್ಟಿ, ತೋಳಿನ ಕಪ್ಪುಪಟ್ಟಿಯ ಮೇಲೆ ಕೆಂಪಕ್ಷರಗಳಲ್ಲಿ ಎಂ.ಪಿ. ಎಂಬ ಗುರುತು—ಇವೆಲ್ಲವೂ ದೂರದಿಂದಲೇ ಕಣ್ಣಿಗೆ ಬೀಳುವಂತೆ ಯೋಜಿತವಾದವು. ಯುದ್ಧಭೂಮಿಯಲ್ಲಿ ಸೈನಿಕನು ಮರೆಯಾಗಿರಬೇಕು. ಆದರೆ ಸಾಲುಸಾಲಾಗಿ ಬರುವ ವಾಹನಗಳಿಗೆ ದಾರಿ ತೋರುವವನೂ, ಶಿಸ್ತನ್ನು ಕಾಯುವವನೂ ಎಲ್ಲರಿಗೂ ಕಾಣಬೇಕು. 1950ರ ಸೇನಾ ಅಧಿನಿಯಮವು ಪ್ರವೋಸ್ಟ್ ಮಾರ್ಷಲನಿಗೆ ಅಪರಾಧಿಯನ್ನು ಹಿಡಿದು ವಿಚಾರಣೆಗೆ ಒಪ್ಪಿಸುವ ಅಧಿಕಾರವನ್ನು ಕೊಟ್ಟಿದೆಯೇ ಹೊರತು, ಸ್ವಂತ ಅಧಿಕಾರದಿಂದ ಶಿಕ್ಷಿಸುವ ಹಕ್ಕನ್ನು ಕೊಟ್ಟಿಲ್ಲ. ಹೀಗೆ ಆ ತೋಳಪಟ್ಟಿಯು ಅಧಿಕಾರವನ್ನು ತೋರಿಸುವಷ್ಟೇ ಖಚಿತವಾಗಿ ಅದರ ಎಲ್ಲೆಯನ್ನೂ ತೋರಿಸುತ್ತದೆ.

ಗುರುತುಗಳ ಚರಿತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡ ಪರಿವರ್ತನೆಯು ಗಣರಾಜ್ಯದೊಡನೆ ಬಂದಿತು. 1950ರ ಜನವರಿ 26ರಿಂದ ಅಧಿಕಾರಿಗಳ ಭುಜದ ಮೇಲಿನ ಬ್ರಿಟಿಷ್ ಕಿರೀಟವು ಇಳಿದು ಸಾರನಾಥದ ಅಶೋಕನ ಸಿಂಹವು ಏರಿತು; ಬಾತ್ ಎಂಬ ಬ್ರಿಟಿಷ್ ಗೌರವಪದವಿಯ ನಕ್ಷತ್ರದ ಸ್ಥಾನದಲ್ಲಿ ಐದು ಮೊನೆಯ ನಕ್ಷತ್ರವು ಬಂದಿತು. ಮೊಳಕಾಲ್ಮೂರಿನ ಜನಕ್ಕೆ ಈ ಅಶೋಕನು ದೂರದವನಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅವನ ಶಾಸನಗಳಿರುವುದನ್ನು 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳಿಗೆ ಬಂದ, ಆ ಶಾಸನದಲ್ಲಿರುವ ಆಜ್ಞೆಯು ಮೊದಲು ಅಧಿಕಾರಿಗಳ ಆರೋಗ್ಯವನ್ನು ಹಾರೈಸಿ, ಬಳಿಕ ತಂದೆತಾಯಿಗಳ ಸೇವೆ, ಜೀವಿಗಳಲ್ಲಿ ದಯೆ, ಸತ್ಯವಾದ ನುಡಿ, ಗುರುಗಳಲ್ಲಿ ಗೌರವ ಇವುಗಳನ್ನು ಬೋಧಿಸುತ್ತದೆ. ಭುಜದ ಮೇಲೆ ಸಿಂಹವನ್ನು ಹೊತ್ತ ಯಾವ ಅಧಿಕಾರಿಯೂ ಆ ಸಿಂಹದ ಒಡೆಯನು ತನ್ನಂಥ ಅಧಿಕಾರಿಗಳಿಗೆ ಬರೆಸಿದ ಮಾತನ್ನು ಈ ತಾಲ್ಲೂಕಿನ ಬಂಡೆಯ ಮೇಲೆ ಕಾಣಬಹುದು.

ಇಂದಿನ ಪೊಲೀಸು ಚಿಹ್ನೆಗಳ ಕ್ರಮವು ಆ ಮೂಲದಿಂದಲೇ ಬೆಳೆದದ್ದು. ಸಬ್‌ಇನ್ಸ್‌ಪೆಕ್ಟರಿಗೆ ಎರಡು ನಕ್ಷತ್ರ, ಇನ್ಸ್‌ಪೆಕ್ಟರಿಗೆ ಮೂರು, ಇಬ್ಬರಿಗೂ ಕೆಂಪು ನೀಲಿ ಪಟ್ಟಿ. ಉಪಾಧೀಕ್ಷಕರಿಗೆ ಆ ಪಟ್ಟಿಯಿಲ್ಲದೆ ಮೂರು ನಕ್ಷತ್ರ. ಅಧೀಕ್ಷಕರಿಗೆ ಸಿಂಹ ಮತ್ತು ನಕ್ಷತ್ರ. ಅವರಿಗಿಂತ ಬಹು ಮೇಲಿನವರಿಗೆ ಅಡ್ಡಲಾದ ಖಡ್ಗ ಮತ್ತು ದಂಡ. ಆದರೆ ಪದವಿಯ ಈ ಲಿಪಿಯನ್ನು ಓದಬಲ್ಲ ರೈತರು ಎಷ್ಟು ಮಂದಿ? ಈ ಕೊರತೆಯನ್ನು ತುಂಬಿದ್ದು ಸರ್ವೋಚ್ಚ ನ್ಯಾಯಾಲಯ. ಡಿ. ಕೆ. ಬಸು ಪ್ರಕರಣದಲ್ಲಿ 1996ರ ಡಿಸೆಂಬರ್ 18ರಂದು ಹೊರಟ ತೀರ್ಪು, ಬಂಧಿಸುವ ಪೊಲೀಸನು ತನ್ನ ಹೆಸರು ಮತ್ತು ಹುದ್ದೆಯನ್ನು ಸ್ಪಷ್ಟವಾಗಿ ಕಾಣುವಂತೆ ಧರಿಸತಕ್ಕದ್ದೆಂದು ವಿಧಿಸಿತು. ನಕ್ಷತ್ರಗಳಿಗಿಂತ ಸಣ್ಣದಾದ ಆ ಹೆಸರಿನ ಫಲಕವು, ನನ್ನ ದೃಷ್ಟಿಯಲ್ಲಿ, ಈ ಇಡೀ ಚರಿತ್ರೆಯ ಅತ್ಯುನ್ನತ ಲಾಂಛನ.

ಬದಲಾವಣೆಯು ಈಚೆಗೂ ನಿಂತಿಲ್ಲ. 2021ರ ಮೇ 8ರಂದು ಬೆಂಗಳೂರಿನ ಕೇಂದ್ರದಲ್ಲಿ ತರಬೇತಿ ಮುಗಿಸಿದ 83 ಮಹಿಳೆಯರು ಮಿಲಿಟರಿ ಪೊಲೀಸ್ ದಳವನ್ನು ಸೇರಿ, ಭಾರತೀಯ ಸೇನೆಯಲ್ಲಿ ಸೈನಿಕರಾದ ಮೊದಲ ಮಹಿಳೆಯರೆನಿಸಿದರು. 2025ರಲ್ಲಿ ಕರ್ನಾಟಕದ ಪೊಲೀಸ್ ಕಾನ್‌ಸ್ಟೇಬಲ್ಲುಗಳ ತಲೆಯಿಂದ ಅಂಚು ಮಡಿಸಿದ ಹಳೆಯ ಸ್ಲೌಚ್ ಟೋಪಿಯು ಇಳಿದು, ನೀಲಿಯ ಪೀಕ್ ಕ್ಯಾಪು ಬಂದಿತು.

ಇಷ್ಟೆಲ್ಲ ದೀರ್ಘವಾದ ಚರಿತ್ರೆಯ ಕುರುಹುಗಳು ನಮ್ಮ ಕಣ್ಣೆದುರಿನಲ್ಲಿಯೇ ನಾಶವಾಗಬಾರದು. ಹಿತ್ತಾಳೆಯ ಬಿಲ್ಲೆಗಳು ತೂಕಕ್ಕೆ ಮಾರಿಹೋಗುವ ಮುನ್ನ, ನಿವೃತ್ತ ಯೋಧರ ಮತ್ತು ಪೊಲೀಸರ ಮನೆಗಳ ಪೆಟ್ಟಿಗೆಗಳಲ್ಲಿ ಉಳಿದಿರುವ ಪಟ್ಟಿ, ಪದಕ, ಟೋಪಿಗಳನ್ನು ಕೂಡಿಸಿ, ತೊಟ್ಟವರ ವೃತ್ತಾಂತದೊಡನೆ ಜಿಲ್ಲೆಯಲ್ಲಿಯೇ ರಕ್ಷಿಸುವುದು ಅವಶ್ಯ. ಶಾಲೆಯ ಮಕ್ಕಳು ಅವನ್ನು ಬೆರಗಿನಿಂದ ಮಾತ್ರವೇ ನೋಡದೆ, ಯಾವ ಚಿಹ್ನೆಗೆ ಎಷ್ಟು ಅಧಿಕಾರ, ಯಾವ ಚಿಹ್ನೆಗೆ ಯಾವ ಹೊಣೆ ಎಂಬುದನ್ನು ಓದಲು ಕಲಿಯಬೇಕು. ಸಮವಸ್ತ್ರವನ್ನು ಓದಬಲ್ಲ ಪ್ರಜೆಯು ಅದಕ್ಕೆ ಅಂಜುವ ಕಾರಣವಿಲ್ಲ, ಅದನ್ನು ಯೋಗ್ಯವಾಗಿ ತೊಟ್ಟವನಿಗೆ ಗೌರವ ಸಲ್ಲಿಸುವುದಕ್ಕೂ ಅವನು ಹಿಂಜರಿಯಲಾರನು.